ಕಿವಿಯಿಂದ ಹಾರುವ ವಿದ್ಯೆ

ಸಾಂಗಲಿ-ಮಿರಜ ರಸ್ತೆಯನ್ನು ಬಿಟ್ಟು ಕುಪವಾಡದ ಎಂ.ಐ.ಡಿ.ಸಿ. ವಸಾಹತನ್ನು ಹೊಕ್ಕವರನ್ನು ಶಬ್ದಗಳೇ ಮೊದಲು ಎದುರುಗೊಳ್ಳುತ್ತವೆ. ಲೇಥ್ ಯಂತ್ರಗಳ ಕೀಚು ದನಿ, ಪವರ್ ಪ್ರೆಸ್ಸಿನ ತಾಳಬದ್ಧ ಹೊಡೆತ, ಎರಕದ ಕಾರ್ಖಾನೆಗಳ ಬ್ಲೋವರು ಹಿಡಿದ ಒಂದೇ ಶ್ರುತಿ. ಇವುಗಳ ನಡುವೆ ಮರಾಠಿ, ಕನ್ನಡ, ಹಿಂದಿ ಬೆರೆತ ಮಾತು. ಈ ವಸಾಹತಿನ ಅಂಚಿನಲ್ಲಿ ನನ್ನ ಅಕ್ಕನ ಮನೆ. ಅವಳ ಹಿರಿಯ ಮಗ ಇಲ್ಲಿಯದೇ ಒಂದು ವರ್ಕ್‌ಶಾಪಿನಲ್ಲಿ ಟರ್ನರನಾಗಿದ್ದ. ಮೈಕ್ರೋಮೀಟರ್ ಹಿಡಿದು ಕೂದಲೆಳೆಯ ಲೆಕ್ಕದಲ್ಲಿ ಲೋಹವನ್ನು ಕೊರೆಯುತ್ತಿದ್ದ ಹುಡುಗ. ಮೊದಲು ಇರುಳುಗಣ್ಣು ಬಂತು. ಬಳಿಕ ನೋಟದ ಅಂಚುಗಳು ಒಳಸರಿದು ಕೊಳವೆಯ ಮೂಲಕ ನೋಡಿದಂತಾಯಿತು. ಕೊನೆಗೆ ಆ ಕೊಳವೆಯೂ ಮುಚ್ಚಿತು. ಅಕ್ಷಿಪಟಲ ಸವೆಯುವ ಈ ವಂಶಪಾರಂಪರ್ಯದ ರೋಗಕ್ಕೆ ಅವನಿಗೆ ಒದಗುವಂಥ ಮದ್ದು ಇಲ್ಲವೆಂದು ವೈದ್ಯರು ಹೇಳಿದ ದಿನವೇ ಅವನ ಕೆಲಸವೂ ಹೋಯಿತು. ಅದಾಗಿ ನಾಲ್ಕು ವರುಷ.

ಕಳೆದ ಮಳೆಗಾಲದಲ್ಲಿ ಅಕ್ಕ ಫೋನಿನಲ್ಲಿ ನನ್ನೆದುರು ತನ್ನ ಸಂಕಟ ತೋಡಿಕೊಂಡಳು: “ಇಡೀ ದಿನಾ ಕಿವಿಗೆ ಅದೇನೋ ಹಾಕ್ಕೊಂಡು ಕೂಡ್ತಾನೋ ತಮ್ಮಾ. ಇಮಾನ ಹಾರಸ್ತಾನಂತ. ಕಣ್ಣಿಲ್ಲದವಗ ಇಮಾನ ಯಾಕ ಬೇಕು? ನೀನರ ಬಂದು ನಾಕು ಮಾತು ಹೇಳು.”

ನಾಲ್ಕು ಮಾತು ಹೇಳಲೆಂದೇ ಹೋದೆ. ಆದರೆ ಅಂದು ಮಧ್ಯಾಹ್ನ ಹೇಳುವ ಸರದಿ ಅವನದಾಯಿತು, ಕೇಳುವ ಸರದಿ ನನ್ನದು. ಅವನಿಂದ ಕೇಳಿದ್ದನ್ನೂ, ಅನಂತರ ಕುತೂಹಲ ತಡೆಯಲಾರದೆ ನಾನೇ ಓದಿ ತಿಳಿದುದನ್ನೂ ವಾಚಕರ ಮುಂದೆ ಇಡುತ್ತಿದ್ದೇನೆ.

ಅವನ ಕೋಣೆಯಲ್ಲಿ ಒಂದು ಕಂಪ್ಯೂಟರು, ಒಂದು ಕೀಲಿಮಣೆ, ಒಂದು ಜೊತೆ ಹೆಡ್‌ಫೋನು. ಪರದೆಗೆ ವಿದ್ಯುತ್ತಿನ ತಂತಿಯನ್ನೇ ಜೋಡಿಸಿರಲಿಲ್ಲ. ವಿಮಾನಯಾನದ ಅನುಭವವನ್ನು ಕಂಪ್ಯೂಟರಿನಲ್ಲಿ ಕೃತಕವಾಗಿ ಕಲ್ಪಿಸಿಕೊಡುವ ‘ಫ್ಲೈಟ್ ಸಿಮ್ಯುಲೇಟರ್’ ಎಂಬ ತಂತ್ರಾಂಶವನ್ನು ಮೈಕ್ರೋಸಾಫ್ಟ್ ಸಂಸ್ಥೆ 1982ರಿಂದ ಹೊರತರುತ್ತಿದೆ. ಕಣ್ಣಿದ್ದವರಿಗೆ ಅದು ಬೆಟ್ಟ, ಮೋಡ, ನದಿಗಳ ಚಿತ್ರಗಳನ್ನು ತೋರಿಸುತ್ತದೆ. ಆದರೆ ಆ ಚಿತ್ರಗಳ ಹಿಂದೆ ವಿಮಾನವೆಂಬುದು ಕೇವಲ ಅಂಕಿಗಳ ಕೂಟ: ಇಷ್ಟು ಎತ್ತರ, ಇಷ್ಟು ವೇಗ, ಇಂಥ ದಿಕ್ಕು. ಆ ಅಂಕಿಗಳನ್ನು ಹೊರಗಿನ ಇನ್ನೊಂದು ತಂತ್ರಾಂಶ ಎತ್ತಿಕೊಂಡು ಮಾತಿನಲ್ಲಿ ಒಪ್ಪಿಸಬಲ್ಲದು. ಇಬ್ಬರು ಅಂಧ ತರುಣರು ಆಸ್ಟ್ರೇಲಿಯದಲ್ಲಿ 2006ರಲ್ಲಿ ಆರಂಭಿಸಿದ, ಯಾರಿಗೂ ಪುಕ್ಕಟೆಯಾಗಿ ದೊರೆಯುವ ಎನ್.ವಿ.ಡಿ.ಎ. ಎಂಬ ಪರದೆ-ವಾಚಕ ಇವನ ಕಂಪ್ಯೂಟರಿನಲ್ಲಿದೆ. ಕೀಲಿ ಒತ್ತಿದರೆ ಎತ್ತರ ಹೇಳುತ್ತದೆ, ಇನ್ನೊಂದನ್ನು ಒತ್ತಿದರೆ ವೇಗ.

“ಮಾಮಾ, ಕೂಡ್ರಿ. ಕೊಲ್ಹಾಪುರದಿಂದ ಬೆಳಗಾವಿಗೆ ಹೋಗೂಣು. ನೀವ ಹಾರಸ್ರಿ.”

“ನನಗೇನ ಬರತದೋ?”

“ಕಣ್ಣ ಮುಚ್ಚಿ ಕೂಡ್ರಿ. ಅಷ್ಟಾದ್ರ ನಾವಿಬ್ಬರೂ ಸರಿ-ಸಮಾ.”

ಸಾಂಗಲಿಗೆ ಸ್ವಂತದ ವಿಮಾನನಿಲ್ದಾಣವಿಲ್ಲ. ಆದ್ದರಿಂದ ಕೊಲ್ಹಾಪುರದ ಉಜಳಾಯಿವಾಡಿಯೇ ನಮ್ಮ ಆರಂಭ. ಮೇಲೇರುವ ತೊಡಕು ಬೇಡವೆಂದು ಚಿಕ್ಕದೊಂದು ಒಂಟಿ ಎಂಜಿನ್ನಿನ ವಿಮಾನವನ್ನು ನಿಲ್ದಾಣದ ಮೇಲೆ 5500 ಅಡಿ ಎತ್ತರದಲ್ಲಿ ಇರಿಸಿ ನನ್ನ ಕೈಗೆ ಒಪ್ಪಿಸಿದ. ದಿಕ್ಕುಗಳನ್ನು ಉತ್ತರದಿಂದ ಆರಂಭಿಸಿ ಬಲಸುತ್ತಾಗಿ 360 ಡಿಗ್ರಿಗಳಲ್ಲಿ ಎಣಿಸುತ್ತಾರೆ: ಪೂರ್ವ 90, ದಕ್ಷಿಣ 180, ಪಶ್ಚಿಮ 270. ರನ್‌ವೇಗಳ ಹೆಸರೂ ಇದೇ ಲೆಕ್ಕದ್ದು, ಕೊನೆಯ ಸೊನ್ನೆ ಬಿಟ್ಟು. ಕೊಲ್ಹಾಪುರದ್ದು ಒಂದು ಕಡೆಯಿಂದ 07, ಇನ್ನೊಂದು ಕಡೆಯಿಂದ 25. ಬೆಳಗಾವಿಯ ಸಾಂಬ್ರೆಯದು 08 ಮತ್ತು 26. ಕೊಲ್ಹಾಪುರದಿಂದ ಸಾಂಬ್ರೆ 158 ಡಿಗ್ರಿಯ ದಿಕ್ಕಿನಲ್ಲಿ, ಸುಮಾರು 52 ನಾಟಿಕಲ್ ಮೈಲು ದೂರದಲ್ಲಿದೆ. ನಾಟಿಕಲ್ ಮೈಲು ಎಂದರೆ 1852 ಮೀಟರು. ಗಂಟೆಗೆ 120 ನಾಟಿಕಲ್ ಮೈಲಿನ ವೇಗದಲ್ಲಿ ಹೋದರೆ 26 ನಿಮಿಷದ ದಾರಿ. ಇದಿಷ್ಟನ್ನೂ ಅವನು ಬಾಯಿಲೆಕ್ಕದಲ್ಲಿಯೇ ಹೇಳಿದ.

ಆಟೋಪೈಲಟಿಗೆ ದಿಕ್ಕು 158 ಎಂದು ಹೇಳಿ, ‘ದಿಕ್ಕು ಹಿಡಿ’ ಎಂಬ ಕೀಲಿ ಒತ್ತಿದೆ. ಎತ್ತರ 5500 ಎಂದು ಹೇಳಿ, ಅದನ್ನೂ ಹಿಡಿಸಿದೆ. ಎಂಜಿನ್ನು ಒಂದೇ ಸಮನೆ ಗುಂಯ್‌ಗುಟ್ಟುತ್ತಿತ್ತು. ಇಷ್ಟೇ ಏನು ಎಂದು ಮನಸ್ಸಿನಲ್ಲಿ ಅಂದುಕೊಂಡೆ. ಯಂತ್ರವೇ ಹಾರಿಸುತ್ತಿರುವಾಗ ಹುಡುಗನ ಹೆಗ್ಗಳಿಕೆ ಏನು?

ಬೆಳಗಾವಿ ಬರುವುದಕ್ಕೆ ಇನ್ನೂ ಸಮಯವಿದೆ. ಅಷ್ಟರಲ್ಲಿ ಈ ವಿದ್ಯೆಯ ಪೂರ್ವಕಥೆಯನ್ನು ಸ್ವಲ್ಪ ನೋಡೋಣ.

ಮೋಡದೊಳಗೆ ಎಲ್ಲರೂ ಕುರುಡರು

ಮೋಡವನ್ನು ಹೊಕ್ಕ ವೈಮಾನಿಕನಿಗೆ ಹೊರಗಿನದೇನೂ ಕಾಣದು. ಆಗ ಅವನು ತನ್ನ ಮೈಯ ಅರಿವನ್ನು ನಂಬಿದರೆ ಕೆಟ್ಟ. ನಮ್ಮ ಒಳಕಿವಿಯಲ್ಲಿ ದ್ರವ ತುಂಬಿದ ಮೂರು ಬಾಗುಕೊಳವೆಗಳಿದ್ದು, ತಿರುಗುವಿಕೆಯನ್ನು ತಿಳಿಸುವುದು ಅವುಗಳ ಕೆಲಸ. ಆದರೆ ತಿರುವು ಬಹಳ ನಿಧಾನವಾಗಿದ್ದರೆ, ಅಥವಾ ಒಂದೇ ಸಮನೆ ಸಾಗಿದರೆ, ಅವು ಸುಮ್ಮನಾಗುತ್ತವೆ. ವಿಮಾನ ಬಾಗಿ ಸುತ್ತುತ್ತ ಕೆಳಗಿಳಿಯುತ್ತಿದ್ದರೂ ನೆಟ್ಟಗೆ ಹೋಗುತ್ತಿದ್ದೇವೆ ಎನ್ನಿಸುತ್ತದೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1954ರಲ್ಲಿ, ಮೋಡದಲ್ಲಿ ಹಾರುವ ತರಬೇತಿಯಿಲ್ಲದ 20 ಜನರಿಗೆ ಹೊರಗಿನ ನೋಟವನ್ನು ಮರೆಮಾಡಿ ಪರೀಕ್ಷೆ ಮಾಡಿದರು. ಇಪ್ಪತ್ತೂ ಜನ ವಿಮಾನದ ಹಿಡಿತ ಕಳೆದುಕೊಂಡರು. ಅದಕ್ಕೆ ಹಿಡಿದ ಸಮಯ ಸರಾಸರಿ 178 ಸೆಕೆಂಡು. ಎಲ್ಲರ ಕಣ್ಣುಗಳೂ ಚೆನ್ನಾಗಿಯೇ ಇದ್ದವು!

ಇಂಗ್ಲಿಷಿನಲ್ಲಿ ಇಂಥ ಹಾರಾಟಕ್ಕೆ ‘ಬ್ಲೈಂಡ್ ಫ್ಲೈಯಿಂಗ್’, ಅಂದರೆ ಕುರುಡು ಹಾರಾಟ ಎಂದೇ ಹೆಸರು ಬಿದ್ದಿತ್ತು. ಅದನ್ನು ಸಾಧಿಸಿ ತೋರಿದ ದಿನ 1929ರ ಸೆಪ್ಟೆಂಬರ್ 24. ನ್ಯೂಯಾರ್ಕಿನ ಬಳಿಯ ಮಿಚೆಲ್ ಫೀಲ್ಡಿನಲ್ಲಿ ಜೇಮ್ಸ್ ಡೂಲಿಟಲ್ ಎಂಬ ಸೈನ್ಯಾಧಿಕಾರಿ ತನ್ನ ಆಸನದ ಮೇಲೆ ಮುಸುಕು ಎಳೆದುಕೊಂಡು, ಹೊರಗಿನದೇನನ್ನೂ ನೋಡದೆ ಮೇಲೇರಿ, ಸುತ್ತಿ, ಅದೇ ನಿಲ್ದಾಣದಲ್ಲಿ ಇಳಿದ. ಮುಂದಿನ ಆಸನದಲ್ಲಿ ಅಪಾಯಕ್ಕೆಂದು ಕುಳಿತಿದ್ದ ಜೊತೆಗಾರ ಕೈ ಹಚ್ಚುವ ಪ್ರಸಂಗವೇ ಬರಲಿಲ್ಲ. ಡೂಲಿಟಲ್‌ನಿಗೆ ಆಧಾರವಾಗಿದ್ದುದು ಎತ್ತರವನ್ನು ಸೂಕ್ಷ್ಮವಾಗಿ ತೋರುವ ಮಾಪಕ, ಬುಗುರಿಯಂತೆ ತಿರುಗುತ್ತ ತನ್ನ ಅಕ್ಷವನ್ನು ಬಿಡದ ಗೈರೋಸ್ಕೋಪಿನ ಸಾಧನಗಳು, ಮತ್ತು ರೇಡಿಯೋ.

ಇದೇ ಬುಗುರಿಯ ಗುಣ ಆಟೋಪೈಲಟಿನ ತಾಯಿಬೇರು. 1914ರ ಜೂನ್ ತಿಂಗಳಲ್ಲಿ ಪ್ಯಾರಿಸ್ಸಿನ ಬಳಿ ಸೇನ್ ನದಿಯ ಮೇಲೆ ಲಾರೆನ್ಸ್ ಸ್ಪೆರಿ ಎಂಬ ತರುಣ ನೆರೆದ ಜನರೆದುರು ವಿಮಾನ ಹಾರಿಸುತ್ತ ಎರಡೂ ಕೈ ಮೇಲೆತ್ತಿದ. ಅವನ ಮೆಕ್ಯಾನಿಕ್ ರೆಕ್ಕೆಯ ಮೇಲೆ ನಡೆದುಹೋದ. ಭಾರ ಒಂದು ಕಡೆಗಾದರೂ ವಿಮಾನ ಬಾಗಲಿಲ್ಲ. ಗೈರೋಸ್ಕೋಪು ಬಾಗನ್ನು ಅರಿತು ತಾನೇ ಸರಿಪಡಿಸಿತ್ತು.

ಇನ್ನು ಸಿಮ್ಯುಲೇಟರಿನ ಹುಟ್ಟು. ಇದನ್ನು ಓದಿದಾಗ ನನಗೆ ನಮ್ಮ ಮಿರಜದ ವಾದ್ಯದಂಗಡಿಗಳ ಓಣಿ ನೆನಪಾಯಿತು. ಅಮೆರಿಕದ ಬಿಂಗ್‌ಹ್ಯಾಮ್ಟನ್ ಊರಿನ ಎಡ್ವಿನ್ ಲಿಂಕ್ ಎಂಬಾತನ ಮನೆತನದ ಉದ್ಯೋಗ ಪಿಯಾನೋ ಮತ್ತು ಆರ್ಗನ್ ತಯಾರಿಕೆ. ಆರ್ಗನ್ ವಾದ್ಯ ನಮ್ಮ ಪೇಟಿಯ ಹಿರಿಯಣ್ಣ. ಗಾಳಿ ಊದುವ ತಿದಿ ಅದರ ಪ್ರಾಣ. ಆ ತಿದಿಗಳನ್ನೇ ಕಟ್ಟಿಗೆಯ ಪುಟ್ಟ ವಿಮಾನವೊಂದರ ಬುಡಕ್ಕೆ ಅಳವಡಿಸಿ, ಅದು ಕುಳಿತವನ ಕೈಯಾಡಿದಂತೆ ಬಾಗುವ, ಏಳುವ, ತಿರುಗುವ ಹಾಗೆ ಅವನು ಮಾಡಿದ. ಆರಂಭದಲ್ಲಿ ಅದನ್ನು ಕೊಂಡವರು ಹೆಚ್ಚಾಗಿ ಜಾತ್ರೆಯಂಥ ಮನರಂಜನೆಯ ಸ್ಥಳದವರು. 1934ರಲ್ಲಿ ಅಮೆರಿಕದ ಸೈನ್ಯಕ್ಕೆ ಟಪಾಲು ಸಾಗಿಸುವ ಹೊಣೆ ಬಿದ್ದು, ಕೆಟ್ಟ ಹವೆಯಲ್ಲಿ ಹಾರಲು ಬಾರದ ವೈಮಾನಿಕರು ಒಬ್ಬರ ಹಿಂದೊಬ್ಬರು ಸತ್ತಾಗ ಸೈನ್ಯ ಎಚ್ಚತ್ತು ಆರು ಯಂತ್ರಗಳನ್ನು ಕೊಂಡಿತು. ಆ ನೀಲಿ ಪೆಟ್ಟಿಗೆಯ ಮುಚ್ಚಳ ಹಾಕಿದರೆ ಒಳಗಿದ್ದವನಿಗೆ ಹೊರಗಿನದು ಕಾಣದು; ಅವನು ಕತ್ತಲೆಯಲ್ಲಿ ಹಾರುವುದನ್ನು ಕಲಿಯುತ್ತಿದ್ದ. ಸಿಮ್ಯುಲೇಟರು ಸೈನ್ಯಕ್ಕೆ ಬೇಕಾದದ್ದೇ ಕಾಣದೆ ಹಾರುವ ವಿದ್ಯೆಗಾಗಿ. ಚಂದದ ಚಿತ್ರಗಳು ಅದಕ್ಕೆ ಎಷ್ಟೋ ವರ್ಷಗಳ ಮೇಲೆ ಬಂದು ಸೇರಿದ ಅಲಂಕಾರ. ಆದ್ದರಿಂದ ಕಣ್ಣಿಲ್ಲದವನು ಸಿಮ್ಯುಲೇಟರಿನ ಮುಂದೆ ಕುಳಿತರೆ ಅಪ್ಪಟ ಹಕ್ಕುದಾರನೇ ಕುಳಿತ ಹಾಗೆ ಎಂದು ನನಗೆ ಅನ್ನಿಸುತ್ತದೆ.

ಕಿವಿಯಿಂದ ದಾರಿ ಹಿಡಿಯುವುದೂ ಹೊಸ ಮಾತಲ್ಲ. ಆ ಕಾಲದಲ್ಲಿ ನೆಲದ ಮೇಲಿನ ರೇಡಿಯೋ ಕೇಂದ್ರಗಳು ಎರಡು ಸಂಕೇತ ಕಳಿಸುತ್ತಿದ್ದವು: ದಾರಿಯ ಒಂದು ಮಗ್ಗುಲಲ್ಲಿ ‘ಚಿಕ್ಕದು-ಉದ್ದದು’, ಇನ್ನೊಂದು ಮಗ್ಗುಲಲ್ಲಿ ‘ಉದ್ದದು-ಚಿಕ್ಕದು’. ವಿಮಾನ ನಟ್ಟನಡುವೆ ಬಂದಾಗ ಒಂದರ ಸಂದಿಯನ್ನು ಇನ್ನೊಂದು ತುಂಬಿ, ಕಿವಿಯಲ್ಲಿ ಅಖಂಡವಾದ ಒಂದೇ ನಾದ ಉಳಿಯುತ್ತಿತ್ತು. ತಂಬೂರಿಯ ಎರಡು ಜೋಡು ತಂತಿ ಕೂಡಿಬಂದಾಗ ನಡುಗು ನಿಂತು ನಾದ ಒಂದಾಗುವುದನ್ನು ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಣ್ಣಿದ್ದ ವೈಮಾನಿಕರು ವರ್ಷಗಟ್ಟಲೆ ಹೀಗೆ ಕಿವಿಯಿಂದಲೇ ಊರು ಮುಟ್ಟಿದರು.

ವಿಧೇಯ ಆಳು

ಇತ್ತ ನನ್ನ ವಿಮಾನದ ಕಥೆ. ಬೆಳಗಾವಿ ಇನ್ನೆಷ್ಟು ದೂರ ಎಂದು ಆಗಾಗ ಕೀಲಿ ಒತ್ತಿ ಕೇಳುತ್ತಿದ್ದೆ. ನಲವತ್ತು, ಮೂವತ್ತು, ಇಪ್ಪತ್ತು... ಸುಮಾರು 24ನೆಯ ನಿಮಿಷಕ್ಕೆ ಏಳೂವರೆ ಮೈಲು ಎಂದಿತು. ಮತ್ತೆ ಕೇಳಿದರೆ ಎಂಟು! ದೂರ ಹೆಚ್ಚುತ್ತಿದೆ. ದಿಕ್ಕು ಕೇಳಿದೆ: 158. ಕೂದಲೆಳೆಯಷ್ಟೂ ತಪ್ಪಿಲ್ಲ.

“ಇದೇನೋ? ದಿಕ್ಕ ಸರಿ ಐತಿ, ಊರ ತಪ್ಪೇತಿ!”

ಅವನು ನಕ್ಕ. ಹಾರಾಟದ ಆರಂಭದಲ್ಲಿಯೇ ಅವನು ಮಳೆಗಾಲದ ಪಡುವಣ ಗಾಳಿಯನ್ನು 20 ನಾಟಿನ ವೇಗಕ್ಕೆ ಇರಿಸಿದ್ದ. ಕೇಳದವರಿಗೆ ಯಾಕೆ ಹೇಳಲಿ ಎಂದು ಸುಮ್ಮನಿದ್ದ. ವಿಮಾನದ ಮೂತಿ 158ರ ಕಡೆಗೇ ಇತ್ತು. ಆದರೆ ಅದು ತೇಲುತ್ತಿದ್ದ ಗಾಳಿಯೇ ಪೂರ್ವಕ್ಕೆ ಸರಿಯುತ್ತಿತ್ತು. ತುಂಬಿದ ಕೃಷ್ಣೆಯಲ್ಲಿ ಎದುರು ದಂಡೆಯ ಗುಡಿಗೆ ಗುರಿಯಿಟ್ಟು ಈಜಿದವನು ಎಷ್ಟೋ ಕೆಳಗೆ ಹೋಗಿ ದಡ ಹತ್ತುತ್ತಾನಲ್ಲವೆ? ಹಾಗೆ. 26 ನಿಮಿಷ ಮುಗಿದಾಗ ನಾನು ಸಾಂಬ್ರೆಯಿಂದ ಹದಿನಾರು ಕಿಲೋಮೀಟರು ಪೂರ್ವಕ್ಕೆ, ಬೈಲಹೊಂಗಲದ ಕಡೆಯ ಹೊಲಗಳ ಮೇಲಿದ್ದೆ.

“ಆಟೋಪೈಲಟ್ ಅಂದ್ರ ಶಾಣ್ಯಾ ಆಳಲ್ಲ ಮಾಮಾ, ವಿಧೇಯ ಆಳು. ಹೇಳಿದ್ದಷ್ಟ ಮಾಡತೈತಿ. ನೀವು ದಿಕ್ಕ ಹಿಡಿ ಅಂದ್ರಿ, ಹಿಡೀತು. ಬೆಳಗಾವಿಗೆ ಹೋಗು ಅಂತ ನೀವೆಲ್ಲಿ ಹೇಳಿದ್ರಿ?”

ಮೂತಿಯ ದಿಕ್ಕು ಬೇರೆ, ಸಾಗುವ ದಾರಿ ಬೇರೆ. ಈ ಭೇದವೇ ಮಾರ್ಗಶೋಧನದ ಮೊದಲ ಪಾಠ. ಗಾಳಿಗೆ ಎದುರಾಗಿ ಸುಮಾರು ಒಂಬತ್ತು ಡಿಗ್ರಿ ಬಲಕ್ಕೆ, 167ಕ್ಕೆ ಮೂತಿ ಇಟ್ಟಿದ್ದರೆ ದಾರಿ ನೆಟ್ಟಗಾಗುತ್ತಿತ್ತು. ಇದಕ್ಕೆ ವೈಮಾನಿಕರಲ್ಲಿ ಒಂದು ಬಾಯಿಲೆಕ್ಕವಿದೆ: 60 ಮೈಲಿಗೆ ಒಂದು ಡಿಗ್ರಿ ತಪ್ಪಿದರೆ ಒಂದು ಮೈಲು ಆಚೆಗೆ. ಇಲ್ಲವೆ, ಬೆಳಗಾವಿಯಲ್ಲಿರುವ ವಿ.ಓ.ಆರ್. ಎಂಬ ರೇಡಿಯೋ ಕೇಂದ್ರವನ್ನು ಹಿಡಿಯಬೇಕು. ಅದು ಬಂಡಿಯ ಗುಂಬದಿಂದ ಅರಗಳು ಹೊರಟಂತೆ 360 ದಿಕ್ಕುಗಳಿಗೂ ಒಂದೊಂದು ಅದೃಶ್ಯ ಗೆರೆ ಹಾಸಿರುತ್ತದೆ. ಕೊಲ್ಹಾಪುರ ಇರುವುದು ಸರಿಸುಮಾರು 338ನೆಯ ಗೆರೆಯ ಮೇಲೆ. ಆಟೋಪೈಲಟನ್ನು ‘ದಿಕ್ಕು’ ಬಿಡಿಸಿ ‘ನ್ಯಾವ್’ ಎಂಬ ಕ್ರಮಕ್ಕೆ ಹಾಕಿದರೆ ಅದು ಆ ಗೆರೆಯನ್ನೇ ಹಿಡಿದು, ಗಾಳಿಗೆ ತಕ್ಕಂತೆ ಮೂತಿಯನ್ನು ತಾನೇ ತಿದ್ದಿಕೊಳ್ಳುತ್ತದೆ. ಯಾವ ಕ್ರಮ ಚಾಲ್ತಿಯಲ್ಲಿದೆ ಎಂಬುದನ್ನು ಮಾತ್ರ ಹಾರಿಸುವವನು ಮತ್ತೆ ಮತ್ತೆ ಕೇಳಿ ಖಾತ್ರಿ ಮಾಡಿಕೊಳ್ಳಬೇಕು.

ಈ ಖಾತ್ರಿಯ ಬೆಲೆ ಏನೆಂಬುದಕ್ಕೆ ಒಂದು ದಾರುಣ ಉದಾಹರಣೆ ಇದೆ. 1972ರ ಡಿಸೆಂಬರ್ 29ರ ರಾತ್ರಿ ಅಮೆರಿಕದ ಈಸ್ಟರ್ನ್ ಏರ್‌ಲೈನ್ಸಿನ ದೊಡ್ಡ ವಿಮಾನವೊಂದು ಮಯಾಮಿಯ ಬಳಿ ಇಳಿಯುವುದರಲ್ಲಿತ್ತು. ಮುಂದಿನ ಗಾಲಿ ಇಳಿದುದನ್ನು ತೋರುವ ಪುಟ್ಟ ದೀಪ ಹತ್ತಲಿಲ್ಲ. ಆಟೋಪೈಲಟಿಗೆ 2000 ಅಡಿ ಎತ್ತರ ಹಿಡಿಯಲು ಹೇಳಿ ಎಲ್ಲರೂ ದೀಪದ ರಿಪೇರಿಗೆ ನಿಂತರು. ಯಾರದೋ ಕೈ ತಾಗಿ ಎತ್ತರ ಹಿಡಿಯುವ ಕ್ರಮ ತಪ್ಪಿರಬೇಕು. ವಿಮಾನ ಮೆಲ್ಲಗೆ ಇಳಿಯತೊಡಗಿತು. ಎತ್ತರ ತಪ್ಪಿದಾಗ ಬಾರಿಸಬೇಕಾದ ಗಂಟೆ ಬಾರಿಸಿತ್ತು. ಧ್ವನಿಮುದ್ರಿಕೆಯಲ್ಲಿ ಅದು ಸಿಕ್ಕಿತು. ಕೇಳಿದವರಿಲ್ಲ. 176 ಜನರಲ್ಲಿ 101 ಜನ ಮಡಿದರು. ಕೆಟ್ಟಿದ್ದುದು ಒಂದು ಬಲ್ಬು.

ನಮ್ಮವರ ದುರಂತವೂ ಉಂಟು. 1978ರ ಜನವರಿ 1ರ ರಾತ್ರಿ ಮುಂಬಯಿಯಿಂದ ದುಬೈಗೆ ಹೊರಟ ಏರ್ ಇಂಡಿಯಾದ ‘ಎಂಪರರ್ ಅಶೋಕ’ ಕಡಲಿನ ಕತ್ತಲೆಯ ಮೇಲೆ ಬಂದೊಡನೆ ಕ್ಯಾಪ್ಟನ್ನರ ಮುಂದಿನ ಬಾಗು-ಸೂಚಕ ಕೆಟ್ಟು, ವಿಮಾನ ಬಲಕ್ಕೇ ಬಾಗಿದೆಯೆಂದು ತೋರಿತು. ಅವರು ಎಡಕ್ಕೆ ಹೊರಳಿಸುತ್ತ ಹೋದರು. 213 ಜನರೂ ಸಮುದ್ರದ ಪಾಲಾದರು. ಒಂದೇ ಸಾಧನ ಹೇಳಿದ್ದನ್ನು ನಂಬಬಾರದು, ಎರಡನೆಯದನ್ನು ಕೇಳಿ ತಾಳೆ ನೋಡಬೇಕು ಎಂಬ ನಿಯಮ ವೈಮಾನಿಕರದು. ನನ್ನ ಅಳಿಯ ಅದನ್ನು ಚಾಚೂ ತಪ್ಪದೆ ಪಾಲಿಸುವುದನ್ನು ಕಂಡೆ. ಎತ್ತರ ಕೇಳಿದ ಮೇಲೆ ಏರಿಳಿತದ ದರ ಕೇಳುತ್ತಾನೆ, ವೇಗ ಕೇಳುತ್ತಾನೆ, ಕೊನೆಗೆ ಸುಮ್ಮನೆ ಎಂಜಿನ್ನಿನ ದನಿ ಆಲಿಸುತ್ತಾನೆ. ಮೂತಿ ಕೆಳಗಾದರೆ ಆ ದನಿಯ ಶ್ರುತಿ ಏರುತ್ತದೆ. ಬ್ಲೋವರಿನ ದನಿ ಕೇಳಿ ಭಟ್ಟಿಯ ಹದ ಹೇಳುವ ಎರಕದ ಮೇಸ್ತ್ರಿಗಳ ನಡುವೆ ಬೆಳೆದವನಿಗೆ ಇದು ಕಷ್ಟವಾಗಿರಲಿಕ್ಕಿಲ್ಲ.

ಇಳಿತ

“ದಾರಿ ತಪ್ಪಿದ್ದೂ ಛಲೋನ ಆತು,” ಎಂದ. “ಪಡುವಣ ಗಾಳಿಗೆ ಎದುರಾಗಿ ಇಳೀಬೇಕಂದ್ರ ಪೂರ್ವದಿಂದನ ಬರಬೇಕು. 26ರ ಬಾಗಲಕ್ಕ ಬಂದ ನಿಂತೀರಿ.”

ಮೊದಲು ಎತ್ತರಮಾಪಕಕ್ಕೆ ಅಲ್ಲಿಯ ಗಾಳಿಯ ಒತ್ತಡ ಹೇಳಿಸಿದ. ಎತ್ತರಮಾಪಕ ಅಳೆಯುವುದು ಗಾಳಿಯ ಒತ್ತಡವನ್ನು. ಒಂದು ಮಿಲಿಬಾರು ತಪ್ಪಿದರೆ ಎತ್ತರದಲ್ಲಿ ಸುಮಾರು 30 ಅಡಿ ತಪ್ಪು. ಹತ್ತು ತಪ್ಪಿದರೆ ನೆಲ ಮುನ್ನೂರು ಅಡಿ ಮೇಲೆದ್ದು ಬಂದಂತೆಯೇ! ಆಮೇಲೆ ಅವನ ಬಾಯಿಲೆಕ್ಕ ನಡೆಯಿತು. ಸಾಂಬ್ರೆಯ ನೆಲ ಸಮುದ್ರಮಟ್ಟದಿಂದ ಸುಮಾರು 2500 ಅಡಿ. ನಾವಿರುವುದು 5500ರಲ್ಲಿ, ಇಳಿಯಬೇಕಾದದ್ದು 3000. ದೂರ ಒಂಬತ್ತು ನಾಟಿಕಲ್ ಮೈಲಿಗೆ ತುಸು ಕಡಿಮೆ. ವೇಗ 90ಕ್ಕೆ ಇಳಿಸಿ, ಎದುರುಗಾಳಿಯ 20 ಕಳೆದರೆ ನೆಲದ ಮೇಲೆ 70. ಅಂದರೆ ಏಳೂವರೆ ನಿಮಿಷ. ನಿಮಿಷಕ್ಕೆ 400 ಅಡಿಯಂತೆ ಇಳಿದರೆ ಸರಿಹೋಗುತ್ತದೆ. ದೊಡ್ಡ ನಿಲ್ದಾಣಗಳಲ್ಲಿ ಈ ಇಳಿಜಾರನ್ನೂ ರೇಡಿಯೋ ಗೆರೆಯೇ ಹಾಸಿಕೊಡುತ್ತದೆ. ಸಾಮಾನ್ಯವಾಗಿ ಮೂರು ಡಿಗ್ರಿ, ಮೈಲಿಗೆ ಸುಮಾರು 320 ಅಡಿ.

ದಿಕ್ಕನ್ನು 270ಕ್ಕೆ ತಿರುಗಿಸಿದೆ. ಎತ್ತರವನ್ನು ಮೊದಲ ಹಂತಕ್ಕೆ 3500 ಎಂದು ಬರೆದೆ. ಕಾದೆ. ವಿಮಾನ 5500ರಲ್ಲಿಯೇ ಇದೆ!

“ಸಂಖ್ಯೆ ಹೇಳಿದ್ರಿ, ಇಳಿ ಅಂತ ಹೇಳಲಿಲ್ಲ,” ಎಂದು ನೆನಪಿಸಿದ. ಇಡುವುದು ಒಂದು, ತೊಡಗಿಸುವುದು ಇನ್ನೊಂದು, ತೊಡಗಿತೇ ಎಂದು ಕೇಳುವುದು ಮೂರನೆಯದು. ಹೊಸಬರು ಎಡವುವುದು ಎರಡನೆಯದರಲ್ಲಿ, ಹಳಬರು ಮೂರನೆಯದರಲ್ಲಿ ಎಂದು ಅವನ ಅಂಬೋಣ. ನಾನು ಕಳೆದ ನಿಮಿಷಕ್ಕೆ ತಕ್ಕಂತೆ ದರವನ್ನು ಹೆಚ್ಚಿಸಿ ವಿಮಾನವನ್ನು ಅವನೇ ತನ್ನ ಕೈಗೆ ತೆಗೆದುಕೊಂಡ. ಕೊನೆಯ ಮುನ್ನೂರು ಅಡಿಗೆ ಆಟೋಪೈಲಟನ್ನು ಬಿಡಿಸಿದ. ಎಡಕ್ಕೆ, ಬಲಕ್ಕೆ, ನೆಲಕ್ಕೆ ಇನ್ನಿಷ್ಟು ಎಂದು ಯಂತ್ರ ಒಂದೇ ಸಮನೆ ಒದರುತ್ತಿತ್ತು. ಅವನ ಬೆರಳುಗಳು ಕೀಲಿಗಳ ಮೇಲೆ ಆಡುತ್ತಿದ್ದವು. ನಾನು ಕಣ್ಣು ತೆರೆದು ಅವನ ಮೋರೆಯನ್ನು ನೋಡಿದೆ. ಲೇಥಿನ ಮುಂದೆ ನಿಂತಾಗ ಅದೇ ಮೋರೆ ಇರುತ್ತಿತ್ತು, ತುಟಿ ಕಚ್ಚಿಕೊಂಡು, ಉಸಿರು ಬಿಗಿಹಿಡಿದು. ಗಾಲಿಗಳು ಚೀರಿದವು. ಬೆಳಗಾವಿ.

ನಾನು ಬಂದ ಕೆಲಸದ ಮಾತೂ ಆಗಲೇಬೇಕಿತ್ತು. ಇದರಿಂದ ಹೊಟ್ಟೆ ತುಂಬೀತೇ ಎಂದು ಕೇಳಿದೆ. ಅವನು ಮರೆಮಾಚಲಿಲ್ಲ. ಕಣ್ಣಿಲ್ಲದವನಿಗೆ ವೈಮಾನಿಕನ ಪರವಾನಗಿ ಯಾವ ದೇಶದಲ್ಲಿಯೂ ದೊರೆಯದು. 2007ರಲ್ಲಿ ಮೈಲ್ಸ್ ಹಿಲ್ಟನ್-ಬಾರ್ಬರ್ ಎಂಬ ಅಂಧ ಸಾಹಸಿ ಮಾತಾಡುವ ಸಾಧನಗಳ ನೆರವಿನಿಂದ ಪುಟ್ಟ ವಿಮಾನದಲ್ಲಿ ಲಂಡನ್ನಿನಿಂದ ಸಿಡ್ನಿಯವರೆಗೆ ಹಾರಿದನಾದರೂ ಅವನ ಜೊತೆಗೆ ಕಣ್ಣಿದ್ದ ವೈಮಾನಿಕನಿದ್ದ. ಇದು ಹವ್ಯಾಸ. ಕೆಲಸಕ್ಕೆಂದು ಅವನು ಬೇರೆ ಕಡೆಗಳಲ್ಲಿ ಅರ್ಜಿ ಹಾಕಿದ್ದಾನೆ, ಉತ್ತರ ಬಂದಿಲ್ಲ.

“ಕಣ್ಣು ಹೋದ ಮ್ಯಾಲೆ ಎಲ್ಲಾರೂ ಕೈ ಹಿಡಿದು ಕರಕೊಂಡ ಹೋಗ್ತಾರ್ರಿ ಮಾಮಾ. ಎಲ್ಲಿಗೆ, ಯಾವ ದಾರೀಲೆ ಅಂತ ಯಾರೂ ನನ್ನ ಕೇಳೂದಿಲ್ಲ. ಇಲ್ಲಿ ನಾನ ಹೇಳಬೇಕು.”

ಅಷ್ಟರಲ್ಲಿ ಅಕ್ಕ ಚಹಾ ತಂದಳು. ನನ್ನ ನಾಲ್ಕು ಮಾತು ಆಗಿವೆಯೇ ಎಂದು ನನ್ನ ಮುಖ ನೋಡಿದಳು. ಆಗಿರಲಿಲ್ಲ.

“ಮುಟ್ಟಿತೇನೋ ನಿಮ್ಮ ಇಮಾನ?”

“ಮುಟ್ಟೇತಿ ಅವ್ವಾ. ಮಾಮಾ ಅಷ್ಟ ಬೈಲಹೊಂಗಲದ ಕಡೆ ಹೋಗಿ ಬಂದ್ರು.”

ಬೈಲಹೊಂಗಲ ನಮ್ಮ ಊರು, ಅಕ್ಕನ ತವರು. ಅವಳು ಕಪ್ಪು-ಬಸಿಗಳನ್ನು ಅಲ್ಲಿಯೇ ಇಟ್ಟು ಮಂಚದ ತುದಿಗೆ ಕುಳಿತಳು. ಸ್ವಲ್ಪ ಹೊತ್ತು ತಡೆದು, ಇಲ್ಲಿಂದ ಅದು ಯಾವ ಕಡೆಗೆ ಎಂದು ಮಗನನ್ನು ಕೇಳಿದಳು. ಅವನು ಕುರ್ಚಿಯಲ್ಲಿಯೇ ತಿರುಗಿ, ಗೋಡೆಯ ಆಚೆಗೆ ಪ್ರೆಸ್ಸಿನ ಸದ್ದು ಬರುತ್ತಿದ್ದ ಕಡೆಗಿಂತ ತುಸು ಎಡಕ್ಕೆ ಕೈ ಚಾಚಿದ.

“ನೂರಾ ಎಪ್ಪತ್ತರ ಹತ್ತಿರ, ಅವ್ವಾ. ಅರವತ್ತೆರಡು ಮೈಲು.”